ಇಪ್ಪತ್ತೊಂದು ಗೇರು, ಒಂದು ಕೆಂಪು ದೀಪ

ಜೂನ್ ತಿಂಗಳು ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಪೇಟೆಯಲ್ಲಿ ಎರಡು ಬಗೆಯ ಅಂಗಡಿಗಳಿಗೆ ಕೈತುಂಬ ಕೆಲಸ. ಒಂದು ನೋಟ್‌ಬುಕ್ಕಿನ ಅಂಗಡಿ, ಇನ್ನೊಂದು ಸೈಕಲ್ಲಿನ ಅಂಗಡಿ. ನೋಟ್‌ಬುಕ್ಕಿನ ಅಂಗಡಿಯಲ್ಲಿ ತಂದೆ ಮಾತಾಡುತ್ತಾನೆ, ಮಗ ಸುಮ್ಮನಿರುತ್ತಾನೆ. ಸೈಕಲ್ಲಿನ ಅಂಗಡಿಯಲ್ಲಿ ಮಗ ಮಾತಾಡುತ್ತಾನೆ, ತಂದೆ ಸುಮ್ಮನಿರುತ್ತಾನೆ. ಗೇರು ಎಷ್ಟು, ಬ್ರೇಕು ಎಂಥದು, ಟಾಯರಿನ ಅಗಲ ಎಷ್ಟು ಇಂಚು, ಎಲ್ಲವೂ ಮಗನಿಗೆ ಬಾಯಿಪಾಠ. ತಂದೆಗೆ ಗೊತ್ತಿರುವುದು ಎರಡೇ ಸಂಗತಿ: ಕಿಸೆಯಲ್ಲಿ ಎಷ್ಟಿದೆ, ಮತ್ತು ಹಿಂದಿನ ಸೈಕಲ್ಲು ಎಷ್ಟು ವರ್ಷ ಬಾಳಿತು.

ಕೊನೆಗೆ ತಂದೆ ಬಾಯಿ ಬಿಡುತ್ತಾನೆ. “ಇದಕ್ಕ ಕ್ಯಾರಿಯರ್ ಎಲ್ಲೈತ್ರೀ?”

“ಈಗಿನ ಗಾಡಿಗೆ ಅದು ಬರೂದಿಲ್ರೀ ಅಣ್ಣಾರ. ಬೇಕಂದ್ರ ಬ್ಯಾರೆ ಹಾಕಸಬೇಕು.”

“ಮಡ್‌ಗಾರ್ಡು?”

“ಅದೂ ಬ್ಯಾರೆ.”

“ಹಂಗಾರ ಇಷ್ಟ ರೊಕ್ಕಕ್ಕ ನೀವ್ ಕೊಡೂದರೇ ಏನು?”

“ಇಪ್ಪತ್ತೊಂದ್ ಗೇರ್ ಅದಾವಲ್ರೀ!”

ಮಗ ಗೆದ್ದ. ಸೈಕಲ್ಲು ಮನೆಗೆ ಬಂತು. ಮನೆಯಾಕೆ ಅರಿಷಿಣ ಕುಂಕುಮ ಹಚ್ಚಿದಳು, ಹ್ಯಾಂಡಲ್ಲಿಗೆ ನಿಂಬೆಹಣ್ಣು ಕಟ್ಟಿದಳು. ನಿಜವಾದ ಪರೀಕ್ಷೆ ಶುರುವಾಗುವುದು ಮರುದಿನ ಬೆಳಿಗ್ಗೆ.

ಈ ವರ್ಷ ಸೈಕಲ್ಲು ಸ್ವಲ್ಪ ಹೆಚ್ಚೇ ಸುದ್ದಿಯಲ್ಲಿತ್ತು. 2024ರ ಡಿಸೆಂಬರಿನಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ದಿಲ್ಲಿಯಲ್ಲಿ ಆರಂಭಿಸಿದ ಭಾನುವಾರದ ಸೈಕಲ್ ಸವಾರಿಯನ್ನು ನೋಡಿ ಸಣ್ಣ ಊರುಗಳಲ್ಲೂ ಹುರುಪು ಹುಟ್ಟಿತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲು ಮತ್ತು ಅದರ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಜೂನಿನಲ್ಲೇ ಕೊಂಡವರು ಹಣೆ ಚಚ್ಚಿಕೊಂಡರು, ದೀಪಾವಳಿಗೆ ಕೊಂಡವರು ಮೀಸೆ ತಿರುವಿದರು. ಇದರ ಜೊತೆಗೆ ಮೊಬೈಲಿನಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ಜಿಗಿಯುವ ಸೈಕಲ್ಲುಗಳ ಚಿತ್ರಗಳು ಬೇರೆ. ಹೀಗೆ ಹೊಸ ಸಾಮಾನೂ ಬಂತು, ಹೊಸ ಹವ್ಯಾಸವೂ ಬಂತು. ವರ್ಷ ಮುಗಿಯುವ ಹೊತ್ತಿಗೆ ಕೆಲವು ಪಾಸಾದವು, ಕೆಲವು ನಪಾಸಾದವು. ಫಲಿತಾಂಶದ ಪಟ್ಟಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪಾಸಾದವೆಲ್ಲ ಸವಾರ ದಿನವೂ ತುಳಿಯುವ ದಾರಿಗೆ ಒಪ್ಪಿದಂಥವು. ನಪಾಸಾದವು ಬೇರೆ ಯಾರದೋ ದಾರಿಗಾಗಿ ತಯಾರಾದಂಥವು.

ಮೊದಲು ಗೇರಿನ ಮಾತು. ಗೇರು ಎಂದರೆ ಮಾಯೆಯಲ್ಲ, ಎಂಟನೆಯ ತರಗತಿಯ ಲೆಕ್ಕ. ಹಳೆಯ ಕರಿ ಸೈಕಲ್ಲಿನ ಮುಂದಿನ ಚಕ್ರದಲ್ಲಿ 44 ಹಲ್ಲು, ಹಿಂದಿನದರಲ್ಲಿ 18 ಹಲ್ಲು ಇವೆ ಎಂದಿಟ್ಟುಕೊಳ್ಳಿ. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ, ಸೈಕಲ್ಲು ಐದು ಮೀಟರಿಗಿಂತ ತುಸು ಹೆಚ್ಚು ಮುಂದೆ ಹೋಗುತ್ತದೆ. ಗೇರಿನ ಸೈಕಲ್ಲಿನಲ್ಲಿ ಮುಂದೆ 28, ಹಿಂದೆಯೂ 28 ಹಲ್ಲಿನ ಚಕ್ರಕ್ಕೆ ಚೈನು ಹಾಕಿದರೆ ಅದೇ ಒಂದು ಸುತ್ತಿಗೆ ಎರಡು ಮೀಟರಿನಷ್ಟೇ ದೂರ. ದೂರ ಕಡಿಮೆಯಾಯಿತು, ಆದರೆ ಕಾಲಿಗೆ ಬೇಕಾದ ಬಲವೂ ಅದೇ ಪ್ರಮಾಣದಲ್ಲಿ ಕಡಿಮೆಯಾಯಿತು. ಏರು ಹತ್ತುವಾಗ ಮಾಡುವ ಕೆಲಸದ ಒಟ್ಟು ಮೊತ್ತ ಬದಲಾಗುವುದಿಲ್ಲ, ಕೆಲಸವನ್ನು ಸಣ್ಣ ಸಣ್ಣ ತುತ್ತು ಮಾಡಿಕೊಂಡು ತಿಂದಂತೆ ಅಷ್ಟೇ. ಗೇರಿನಿಂದ ಶಕ್ತಿ ಹುಟ್ಟುತ್ತದೆ ಎಂದುಕೊಂಡ ಹುಡುಗರಿಗೆ ಮೊದಲ ವಾರದಲ್ಲೇ ಸತ್ಯ ತಿಳಿಯಿತು.

ಜಮಖಂಡಿಯಲ್ಲಿ ರಾಮತೀರ್ಥದ ಏರು ಹತ್ತುವವನಿಗೆ ಗೇರು ನಿಜವಾದ ಗೆಳೆಯ. ಆಷಾಢದ ಎದುರುಗಾಳಿಯಲ್ಲಿ ಬೀಳಗಿಯ ಬಯಲು ರಸ್ತೆ ತುಳಿಯುವವನಿಗೂ ಅಷ್ಟೇ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಎದುರುಗಾಳಿ ಬೀಸುವಾಗ ನಿಧಾನ ಹೋಗುವವನಿಗೂ ವೇಗದ ದಂಡ ತಪ್ಪುವುದಿಲ್ಲ. ಅಲ್ಲಿ ಸಣ್ಣ ಗೇರು ಪಾಸು. ಆದರೆ ಬನಹಟ್ಟಿಯ ಓಣಿಯಿಂದ ಶಾಲೆಯವರೆಗೆ ಎರಡು ಕಿಲೋಮೀಟರ್ ಸಮತಟ್ಟು ದಾರಿಯಲ್ಲಿ ಹೋಗಿ ಬರುವ ಹುಡುಗನಿಗೆ ಇಪ್ಪತ್ತೊಂದರಲ್ಲಿ ಬಳಕೆಗೆ ಬಂದವು ಎರಡೇ. ಉಳಿದ ಹತ್ತೊಂಬತ್ತನ್ನು ಅವನು ವರ್ಷವಿಡೀ ಹೊತ್ತು ತಿರುಗಿದ. ಶಾಲೆಯ ಕಟ್ಟೆಗೆ ಒರಗಿಸಿಟ್ಟ ಸೈಕಲ್ಲುಗಳ ರಾಶಿ ಒಂದು ಸಲ ಕುಸಿದು ಬಿದ್ದಾಗ ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಡಿರೇಲರ್ ಎಂಬ ಕಬ್ಬಿಣದ ಕೈ ತುಸು ಬಾಗಿತು. ಅಂದಿನಿಂದ ಚೈನು ಕಡ್ಡಿಗಳ ಕಡೆಗೇ ಜಾರಿತು. ತಂದೆ ನೇಕಾರ. ಹಾಸಿನ ಎಳೆಯ ಬಿಗುಪು ಕೂದಲಿನಷ್ಟು ಹೆಚ್ಚುಕಡಿಮೆಯಾದರೆ ಸೀರೆಯಲ್ಲಿ ಏನಾಗುತ್ತದೆ ಎಂದು ಬಲ್ಲವನು. ಬಾಗಿದ ಕೈಯನ್ನು ನೋಡಿ ಅವನು ಒಂದೇ ಮಾತು ಹೇಳಿದ: “ತಮ್ಮಾ, ಹೆಚ್ಚ ಸಾಮಾನಂದ್ರ ಹೆಚ್ಚ ಹೊಂದಾಣಿಕಿ.”

ಗೇರಿನ ಬಗ್ಗೆ ದೊಡ್ಡವರಿಗೂ ಗುಮಾನಿಯಿತ್ತು. ಜಗತ್ತಿನ ಅತಿ ದೊಡ್ಡ ಸೈಕಲ್ ಪಂದ್ಯವಾದ ಟೂರ್ ಡಿ ಫ್ರಾನ್ಸ್ 1903ರಲ್ಲಿ ಶುರುವಾದರೂ ಡಿರೇಲರ್ ಗೇರಿಗೆ ಅಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಗೇರು ಮುದುಕರಿಗಿರಲಿ, ಗಂಡಾಳುಗಳಿಗೆ ಬೇಡ ಎಂಬ ಧೋರಣೆ ಪಂದ್ಯ ಕಟ್ಟಿದವರದು. ಆ ಹಟವೂ ತಪ್ಪೇ. ಬೆಟ್ಟ ಹತ್ತುವವನಿಗೆ ಗೇರು ಬೇಕು, ಓಣಿ ಸುತ್ತುವವನಿಗೆ ಬೇಡ. ವಾದ ಅಲ್ಲಿಗೆ ಮುಗಿಯಬೇಕು.

ಎರಡನೆಯದು ಟಾಯರು. ಈ ವರ್ಷ ಹುಡುಗರ ಕಣ್ಣು ಕುಕ್ಕಿದ್ದು ನಾಲ್ಕು ಇಂಚು ಅಗಲದ ದಪ್ಪ ಟಾಯರು. ನೋಡಲಿಕ್ಕೆ ಮೋಟಾರ್ ಸೈಕಲ್ಲಿನ ಗತ್ತು. ಅದು ಹುಟ್ಟಿದ್ದು ಹಿಮ ಮತ್ತು ಮರಳಿನ ಮೇಲೆ ಓಡಾಡಲು. ಅಗಲವಾದ ಟಾಯರಿನಲ್ಲಿ ಕಡಿಮೆ ಗಾಳಿ ಇಟ್ಟರೆ ನೆಲಕ್ಕೆ ತಾಗುವ ಜಾಗ ಹೆಚ್ಚುತ್ತದೆ, ಗಾಲಿ ಹೂತುಹೋಗುವುದಿಲ್ಲ. ಮುಧೋಳದ ಡಾಂಬರು ರಸ್ತೆಯಲ್ಲಿ ಹಿಮವೂ ಇಲ್ಲ, ಮರಳೂ ಇಲ್ಲ. ಅಲ್ಲಿ ಆ ಟಾಯರು ಕೊಟ್ಟದ್ದು ಭಾರ ಮತ್ತು ಬೆವರು ಮಾತ್ರ. ಇನ್ನು ಮಳೆಗಾಲದಲ್ಲಿ ಎರೆಮಣ್ಣಿನ ದಾರಿಗಿಳಿದರೆ ದಪ್ಪ ಟಾಯರು ದಪ್ಪ ಮಣ್ಣನ್ನೇ ಎತ್ತಿಕೊಂಡು ಬಂತು. ಎರೆಮಣ್ಣಿನ ಸ್ವಭಾವ ಈ ಸೀಮೆಯ ಎತ್ತುಗಳಿಗೂ ಗೊತ್ತು. ಒದ್ದೆಯಾದರೆ ಹಿಡಿದದ್ದನ್ನು ಬಿಡುವುದಿಲ್ಲ. ಕೊನೆಗೆ ಸವಾರನ ಮೇಲೆ ಸೈಕಲ್ಲು ಕೂತು ಮನೆಗೆ ಬಂದದ್ದೂ ಉಂಟು. ದಪ್ಪ ಟಾಯರು ನಪಾಸು.

ಆದರೆ ಟಾಯರಿನ ಒಳಗಿನ ಗಾಳಿ ಮೊದಲ ದರ್ಜೆಯಲ್ಲಿ ಪಾಸು. ಗಾಳಿ ತುಂಬಿದ ಟಾಯರನ್ನು ಬಳಕೆಗೆ ತಂದವನು ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್. 1888ರಲ್ಲಿ, ಮಗನ ಮೂರು ಗಾಲಿಯ ಸೈಕಲ್ಲು ಕುಲುಕದಿರಲಿ ಎಂದು. ಮರುವರ್ಷ ವಿಲ್ಲಿ ಹ್ಯೂಮ್ ಎಂಬ ಸವಾರ ಆ ಟಾಯರು ಹಾಕಿಕೊಂಡು ಬೆಲ್‌ಫಾಸ್ಟಿನ ಪಂದ್ಯಗಳನ್ನು ಗೆದ್ದ ಮೇಲೆ ಗಟ್ಟಿ ರಬ್ಬರಿನ ಟಾಯರುಗಳ ಕಾಲ ಮುಗಿಯುತ್ತ ಬಂತು. ತಂದೆಯೊಬ್ಬ ಮಗನ ದಾರಿಯನ್ನು ನೋಡಿ ಮಾಡಿದ ಸಾಮಾನು ಅದು. 130 ವರ್ಷ ದಾಟಿದರೂ ಅದಕ್ಕಿಂತ ದೊಡ್ಡ ಸುಧಾರಣೆ ಸೈಕಲ್ಲಿನಲ್ಲಿ ಆದದ್ದು ಕಡಿಮೆ.

ಆ ಗಾಳಿಯ ಲೆಕ್ಕವನ್ನು ಮಕ್ಕಳು ಮನೆಯಲ್ಲೇ ಮಾಡಿ ನೋಡಬಹುದು. ಸವಾರ ಮತ್ತು ಸೈಕಲ್ಲು ಸೇರಿ 70 ಕೆ.ಜಿ. ಇದ್ದು, ಟಾಯರಿನಲ್ಲಿ 40 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.8 ಕೆ.ಜಿ. ಒತ್ತಡ ಇದ್ದರೆ, ಎರಡೂ ಟಾಯರು ಸೇರಿ ನೆಲಕ್ಕೆ ತಾಗುವ ಜಾಗ 25 ಚದರ ಸೆಂಟಿಮೀಟರ್. ಅಂಗೈಯಷ್ಟೂ ಇಲ್ಲ. ಗಾಳಿ ಅರ್ಧಕ್ಕಿಳಿದರೆ ಆ ಜಾಗ ಎರಡು ಪಟ್ಟು, ಅಂದರೆ 50 ಚದರ ಸೆಂಟಿಮೀಟರ್. ರಬ್ಬರು ಪ್ರತಿ ಸುತ್ತಿಗೂ ಹೆಚ್ಚು ಚಪ್ಪಟೆಯಾಗಿ ಮತ್ತೆ ಹಿಗ್ಗಬೇಕು. ಆ ಕೆಲಸಕ್ಕೆ ಶಕ್ತಿ ಹೋಗುವುದು ಸವಾರನ ಕಾಲಿನಿಂದಲೇ. ಸೈಕಲ್ಲು ಭಾರವಾಗಿದೆ, ಹೊಸದು ಕೊಡಿಸಿ ಎಂದು ಗೋಗರೆಯುವ ಮಕ್ಕಳಲ್ಲಿ ಎಷ್ಟೋ ಮಂದಿಗೆ ಬೇಕಾದದ್ದು ಹೊಸ ಸೈಕಲ್ಲಲ್ಲ, ವಾರಕ್ಕೊಮ್ಮೆ ನಾಲ್ಕು ಪಂಪು ಗಾಳಿ. ಟಾಯರಿನ ಪಕ್ಕದಲ್ಲೇ ಎಷ್ಟು ಗಾಳಿ ಹಾಕಬೇಕೆಂದು ಅಚ್ಚು ಹಾಕಿರುತ್ತಾರೆ. ಅದನ್ನು ಓದುವವರು ಮಾತ್ರ ಕಡಿಮೆ.

ಈ ಸೀಮೆಯ ಸೈಕಲ್ಲಿನ ಹಳೆಯ ವೈರಿ ಜಾಲಿಮುಳ್ಳು. ಅದಕ್ಕೆಂದು ಈ ವರ್ಷ ಕೆಲವರು ಟ್ಯೂಬಿನೊಳಗೆ ಹಾಕುವ ದ್ರವ ತರಿಸಿದರು. ಮುಳ್ಳು ಚುಚ್ಚಿದ ಕೂಡಲೇ ಗಾಳಿಯ ಜೊತೆಗೆ ದ್ರವ ತೂತಿಗೆ ನುಗ್ಗಿ ಹೆಪ್ಪುಗಟ್ಟುತ್ತದೆ. ಸಣ್ಣ ಮುಳ್ಳಿಗೆ ಅದು ಚೆನ್ನಾಗಿಯೇ ಒದಗಿತು. ಆದರೆ ದೊಡ್ಡ ಮೊಳೆ ಹೊಕ್ಕಾಗ ಪಂಕ್ಚರ್ ಅಂಗಡಿಯ ಕಾಕಾ ಟ್ಯೂಬು ಬಿಚ್ಚಿ ಕೈಯೆಲ್ಲ ಅಂಟು ಮಾಡಿಕೊಂಡ. ಆ ಜಿಗುಟಿನ ಮೇಲೆ ತೇಪೆ ನಿಲ್ಲಲಿಲ್ಲ. “ನಿಮ್ಮ ಔಷಧ ನಿಮ್ಮ ಹತ್ರಾನ ಇರ್ಲೆಪಾ” ಎಂದು ಟ್ಯೂಬು ತಿರುಗಿ ಕೊಟ್ಟ. ಅರ್ಧ ಪಾಸು. ಪೂರ್ತಿ ಪಾಸಾದದ್ದು ಇನ್ನೊಂದು: ಸೀಟಿನ ಕೆಳಗಿನ ಸಣ್ಣ ಚೀಲದಲ್ಲಿ ಸೊಲ್ಯೂಷನ್, ತೇಪೆ, ಪಾನಾ ಇಟ್ಟುಕೊಂಡು ತಾನೇ ಪಂಕ್ಚರ್ ತೆಗೆಯಲು ಕಲಿತದ್ದು. ಬೇಸಿಗೆ ರಜೆಯ ಎರಡು ಮಧ್ಯಾಹ್ನ ಅಂಗಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತ ಹುಡುಗಿಯರೂ ಇದನ್ನು ಕಲಿತರು. ಊರು ಮೂರು ಕಿಲೋಮೀಟರ್ ಇರುವಾಗ ಗಾಲಿ ಕೂತರೆ ಏನು ಗತಿ ಎಂಬ ತಾಯಂದಿರ ಚಿಂತೆ ಅರ್ಧ ಇಳಿಯಿತು.

ಉಡುಪಿನಲ್ಲೂ ಪ್ರಯೋಗ ನಡೆಯಿತು. ಪಂದ್ಯದವರು ತೊಡುವ ಬಿಗಿಯಾದ, ಒಳಗೆ ಮೆತ್ತೆ ಇರುವ ಚಡ್ಡಿ ತೊಟ್ಟು ಯುವಕನೊಬ್ಬ ಸಂತೆಯ ದಿನ ಪೇಟೆಯಲ್ಲಿ ಹಾದುಹೋದ. ಕಾಯಿಪಲ್ಲೆ ಮಾರುವ ಅಜ್ಜಿ ಕೇಳಿಯೇಬಿಟ್ಟಳು: “ತಮ್ಮಾ, ಪ್ಯಾಂಟ್ ಎಲ್ಲಿ ಬಿಟ್ಟ ಬಂದ್ಯೋ?” ನೂರು ಕಿಲೋಮೀಟರ್ ತುಳಿಯುವವನಿಗೆ ಆ ಮೆತ್ತೆ ಬೇಕೇ ಬೇಕು. ಸಂತೆಗೆ ಹೋಗುವವನಿಗೆ ಅಲ್ಲ. ಹೆಲ್ಮೆಟ್ಟಿನದು ಬೇರೆ ಕಥೆ. ಕೊಂಡವರು ಹಲವರು, ಹ್ಯಾಂಡಲ್ಲಿಗೆ ತೂಗುಹಾಕಿಕೊಂಡವರೂ ಹಲವರು. ಸೆಕೆಯೆಂಬುದು ನಿಜ. ಆದರೆ ಗಾಳಿಯಾಡುವ ಕಿಂಡಿಗಳಿರುವ, ಗದ್ದದ ಕೆಳಗೆ ಎರಡು ಬೆರಳು ಮಾತ್ರ ಹಿಡಿಯುವಂತೆ ಪಟ್ಟಿ ಬಿಗಿದ ಹೆಲ್ಮೆಟ್ಟು ತಲೆಯ ಮೇಲಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಹ್ಯಾಂಡಲ್ಲಿಗೆ ಮೆದುಳಿಲ್ಲ.

ಸೈಕಲ್ಲಿನ ಹುಚ್ಚು ಈ ಸೀಮೆಗೆ ಹೊಸದಲ್ಲ. ಜಾತ್ರೆ ಬಂತೆಂದರೆ ಕುಸ್ತಿಯ ಜೊತೆಗೆ ಸೈಕಲ್ ಶರ್ಯತ್ತು ಇರಲೇಬೇಕು. ವಿಜಯಪುರ, ಬಾಗಲಕೋಟೆಗಳ ಕ್ರೀಡಾ ವಸತಿ ನಿಲಯಗಳು ಸೈಕ್ಲಿಂಗಿಗೆ ಹೆಸರಾದವು. ಮೇಘಾ ಗೂಗಾಡ, ದಾನಮ್ಮ ಚಿಚಖಂಡಿ, ವೆಂಕಪ್ಪ ಕೆಂಗಲಗುತ್ತಿ ಮೊದಲಾಗಿ ರಾಷ್ಟ್ರಮಟ್ಟದಲ್ಲಿ ಕರ್ನಾಟಕದ ಪರ ಸ್ಪರ್ಧಿಸಿದ ಅನೇಕರು ಈ ಎರಡು ಜಿಲ್ಲೆಗಳ ಕಡೆಯವರು. ಅವರ ಚಿತ್ರ ಪತ್ರಿಕೆಯಲ್ಲಿ ಬಂದಾಗ ಹಳ್ಳಿಯ ಹುಡುಗರು ಮೊದಲು ನೋಡುವುದು ಮುಖವನ್ನಲ್ಲ, ಸೈಕಲ್ಲನ್ನು.

ಅಲ್ಲೇ ಒಂದು ಅಪಾಯ. ವೆಲೋಡ್ರೋಮಿನಲ್ಲಿ ಓಡಿಸುವ ಟ್ರ್ಯಾಕ್ ಸೈಕಲ್ಲಿಗೆ ಬ್ರೇಕು ಇರುವುದಿಲ್ಲ, ಪೆಡಲ್ ನಿಲ್ಲಿಸಿದರೆ ಗಾಲಿಯೂ ನಿಲ್ಲುತ್ತದೆ. ಇದನ್ನು ಕಂಡ ಒಂದಿಬ್ಬರು ಹುಡುಗರು ತಮ್ಮ ಸೈಕಲ್ಲಿನ ಬ್ರೇಕು ಬಿಚ್ಚಿ ಭಾರ ಇಳಿಸಿದರು. ವೆಲೋಡ್ರೋಮಿನಲ್ಲಿ ಎಮ್ಮೆ ಅಡ್ಡ ಬರುವುದಿಲ್ಲ, ಕಬ್ಬಿನ ಗಾಡಿ ಒಮ್ಮೆಲೇ ತಿರುಗುವುದಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ. ಒಬ್ಬನ ಮೊಣಕಾಲಿಗೆ ಬಿದ್ದ ಹೊಲಿಗೆಗಳು ಆ ಪಾಠವನ್ನು ಕಲಿಸಿದವು. ಪೂರ್ತಿ ನಪಾಸು.

ಪಂದ್ಯದವರಿಂದ ಕಲಿಯಬೇಕಾದದ್ದು ಬೇರೆಯೇ ಇದೆ, ಅದಕ್ಕೆ ರೊಕ್ಕವೂ ಬೇಡ. ಒಂದು, ಸೀಟಿನ ಎತ್ತರ. ಪೆಡಲ್ ತೀರ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ಹೆಚ್ಚುಕಡಿಮೆ ನೆಟ್ಟಗಾಗಬೇಕು. ಸೀಟು ತಗ್ಗಿಸಿಕೊಂಡು ಮೊಣಕಾಲು ಎದೆಗೆ ಬಡಿಯುವಂತೆ ತುಳಿಯುವ ಮಕ್ಕಳು ಮೊಣಕಾಲು ನೋವೆಂದು ಅಳುತ್ತಾರೆ. ಎರಡು, ಒಬ್ಬರ ಹಿಂದೆ ಒಬ್ಬರು ಹೋಗುವುದು. ಮುಂದಿನವನು ಗಾಳಿಯನ್ನು ಸೀಳುತ್ತಾನೆ, ಹಿಂದಿನವನ ಶ್ರಮ ಕಾಲು ಭಾಗದಷ್ಟಾದರೂ ಉಳಿಯುತ್ತದೆ. ಸರದಿಯ ಮೇಲೆ ಮುಂದೆ ಬಂದರೆ ಎಲ್ಲರಿಗೂ ಲಾಭ. ಬೀಳಗಿ ತಾಲ್ಲೂಕಿನ ಒಂದು ಹಳ್ಳಿಯ ಐವರು ಹುಡುಗಿಯರು ಎದುರುಗಾಳಿಯ ದಿನಗಳಲ್ಲಿ ಹೀಗೆ ಸರದಿ ಹಾಕಿಕೊಂಡು ಹೈಸ್ಕೂಲಿಗೆ ಹೋದರು. ಅವರಲ್ಲಿ ಮೂವರ ಸೈಕಲ್ಲುಗಳು ಅಕ್ಕಂದಿರವು. 2006-07ರಲ್ಲಿ ಆರಂಭವಾಗಿ ಕೋವಿಡ್ ಕಾಲದಲ್ಲಿ ನಿಂತ ಸರ್ಕಾರಿ ಯೋಜನೆಯಲ್ಲಿ ಎಂಟನೆಯ ತರಗತಿಯಲ್ಲಿ ಸಿಕ್ಕಂಥವು. ಗೇರಿಲ್ಲ, ಆದರೆ ಕ್ಯಾರಿಯರ್ ಇದೆ, ಮಡ್‌ಗಾರ್ಡ್ ಇದೆ, ಗಂಟೆ ಇದೆ. ಮಳೆಗಾಲದಲ್ಲಿ ಲಂಗದ ಬೆನ್ನಿಗೆ ಕೆಸರಿನ ಗೆರೆ ಬೀಳದೆ ಶಾಲೆ ಮುಟ್ಟಿದ್ದು ಆ ಹಳೆಯ ಸೈಕಲ್ಲಿನವರೇ. ಹೊಸ ಸೈಕಲ್ಲಿನ ಇಬ್ಬರು ಜುಲೈ ಮುಗಿಯುವುದರೊಳಗೆ ಮಡ್‌ಗಾರ್ಡ್ ಹಾಕಿಸಿದರು.

ಮನೆಯಲ್ಲೇ ಸೈಕಲ್ಲು ಸುಧಾರಿಸುವ ಹುಮ್ಮಸ್ಸಿನವರಿಗೆ ಗ್ರೇಮ್ ಒಬ್ರಿಯ ಹೆಸರು ಗೊತ್ತಿರಬೇಕು. ಈ ಸ್ಕಾಟ್ಲೆಂಡಿನ ಸವಾರ ತಾನೇ ಕಟ್ಟಿದ ಸೈಕಲ್ಲಿಗೆ ಬಟ್ಟೆ ಒಗೆಯುವ ಯಂತ್ರದ ಬೇರಿಂಗ್ ಹಾಕಿದ್ದ. 1993ರ ಜುಲೈ 17ರಂದು ನಾರ್ವೆಯ ಹಾಮಾರ್‌ನಲ್ಲಿ ಒಂದು ಗಂಟೆಯಲ್ಲಿ 51.596 ಕಿ.ಮೀ. ತುಳಿದು ವಿಶ್ವದಾಖಲೆ ಮಾಡಿದ. ದಾಖಲೆ ಉಳಿದದ್ದು ಆರೇ ದಿನ. ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ಅದನ್ನು ಮುರಿದ. ಆದರೂ ಒಬ್ರಿಯ ಕೆಲಸದಲ್ಲಿ ಮಕ್ಕಳಿಗೊಂದು ಪಾಠವಿದೆ. ಅವನು ಚಂದ ಕಾಣುವುದಕ್ಕೆ ಏನನ್ನೂ ಹಾಕಲಿಲ್ಲ. ಗಾಳಿ ಎಲ್ಲಿ ತಡೆಯುತ್ತದೆ, ಶಕ್ತಿ ಎಲ್ಲಿ ಸೋರುತ್ತದೆ ಎಂದು ಹುಡುಕಿ ಆ ಜಾಗದಲ್ಲಿ ಕೈ ಹಾಕಿದ.

ಹೊಸ ಹವ್ಯಾಸಗಳಲ್ಲಿ ಈ ವರ್ಷ ಹೆಚ್ಚು ಹಬ್ಬಿದ್ದು ಭಾನುವಾರದ ದೂರ ಸವಾರಿ. ಜಮಖಂಡಿಯ ಕೆಲವು ಕಾಲೇಜು ಹುಡುಗರು ಮೊದಲ ಸಲವೇ ಆಲಮಟ್ಟಿಗೆ ಹೋಗಿ ಸಂಜೆಗೆ ತಿರುಗಿ ಬರುತ್ತೇವೆಂದು ಏಪ್ರಿಲ್ ಬಿಸಿಲಿನಲ್ಲಿ ಹೊರಟರು. ಕುಡಿಯಲು ತಲೆಗೊಂದು ಬಾಟಲಿ ನೀರು. ಅರ್ಧ ದಾರಿಯಲ್ಲಿ ಒಬ್ಬನಿಗೆ ತಲೆ ಸುತ್ತಿತು, ಇಬ್ಬರ ತೊಡೆ ಸೆಟೆದವು, ಸೈಕಲ್ಲುಗಳು ಟಂಟಂನಲ್ಲಿ ಮನೆಗೆ ಬಂದವು. ಬೆವರಿನ ಜೊತೆಗೆ ಉಪ್ಪೂ ಹೋಗುತ್ತದೆ, ಬರೀ ನೀರು ಸಾಲದು ಎಂದು ಆಮೇಲೆ ಮನೆಯ ಅಜ್ಜಿ ಹೇಳಿದಳು. ಉಪ್ಪು ಹಾಕಿದ ಮಜ್ಜಿಗೆಯನ್ನು ಆಕೆ ಹೊಲಕ್ಕೆ ಕಳಿಸುತ್ತಿದ್ದದ್ದು ಸುಮ್ಮನೆ ಅಲ್ಲ.

ಅದೇ ಗುಂಪು ಶ್ರಾವಣದ ನಂತರ ಬುದ್ಧಿ ಕಲಿತು ನಸುಕಿನಲ್ಲಿ ಹೊರಟು ಚಿಕ್ಕಪಡಸಲಗಿ ಬ್ಯಾರೇಜಿಗೆ ಹೋಯಿತು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರೇ ವಂತಿಗೆ ಕೂಡಿಸಿ, ಮೈಮುರಿದು ದುಡಿದು ಕಟ್ಟಿದ ಬ್ಯಾರೇಜು ಅದು. ಶ್ರಮಬಿಂದು ಸಾಗರ ಎಂಬುದು ಅದರ ಹೆಸರು. ಮತ್ತೊಂದು ಭಾನುವಾರ ಮುಧೋಳದ ಕಡೆಯವರು ಕವಿ ರನ್ನನ ಊರು ರನ್ನಬೆಳಗಲಿಗೆ ಹೋದರು. ಇನ್ನೊಂದು ವಾರ ಬೀಳಗಿಯ ಅರೆತ್ತಿನ ಬಾವಿ ನೋಡಲು ಮಕ್ಕಳು ತಂದೆಯರನ್ನೂ ಎಳೆದುಕೊಂಡು ಹೋದರು. ಪುಸ್ತಕದಲ್ಲಿ ಒಂದು ಸಾಲಾಗಿದ್ದ ಊರು ಕಾಲಿನಿಂದ ತುಳಿದು ಮುಟ್ಟಿದಾಗ ನೆನಪಿನಲ್ಲಿ ಉಳಿಯುತ್ತದೆ. ಈ ಹವ್ಯಾಸ ಒಳ್ಳೆಯ ಅಂಕ ಪಡೆದು ಪಾಸು.

ಇದರ ಬೆನ್ನಿಗೇ ಬಂದದ್ದು ಮೊಬೈಲಿನಲ್ಲಿ ವೇಗ ಅಳೆಯುವ ಚಟ. ಅಳತೆ ಕೆಟ್ಟದ್ದಲ್ಲ. ಇಂದಿನ ಸವಾರಿಯನ್ನು ಹೋದ ತಿಂಗಳಿನದಕ್ಕೆ ಹೋಲಿಸಿ ನೋಡುವುದು ವಿಜ್ಞಾನದ ಮೊದಲ ಮೆಟ್ಟಿಲು. ಸವಾರಿ ಮುಗಿದ ಕೂಡಲೇ ನಾಡಿ ಎಣಿಸಿ, ಐದು ನಿಮಿಷದ ನಂತರ ಮತ್ತೆ ಎಣಿಸಿ, ಎಷ್ಟು ಬೇಗ ಇಳಿಯುತ್ತದೆ ಎಂದು ವಹಿಯಲ್ಲಿ ಬರೆದಿಟ್ಟ ವಿದ್ಯಾರ್ಥಿನಿಗೆ ಮೂರು ತಿಂಗಳಲ್ಲಿ ತನ್ನ ದೇಹ ಗಟ್ಟಿಯಾಗುತ್ತಿರುವುದು ಅಂಕಿಗಳಲ್ಲೇ ಕಂಡಿತು. ಆದರೆ ತುಳಿಯುತ್ತಲೇ ಪರದೆ ನೋಡುವವನ ಕಥೆ ಬೇರೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ಕಣ್ಣು ಕೆಳಗಿಳಿಸಿದರೆ ಸೈಕಲ್ಲು 14 ಮೀಟರ್ ಕುರುಡಾಗಿ ಓಡುತ್ತದೆ. ಅಷ್ಟರೊಳಗೆ ಒಂದು ತಗ್ಗು ಸಿಗದ ರಸ್ತೆ ಈ ನಾಲ್ಕು ತಾಲ್ಲೂಕುಗಳಲ್ಲಿ ಸಿಕ್ಕರೆ ಪುಣ್ಯ.

ಬ್ಯಾಟರಿ ಸೈಕಲ್ಲನ್ನು ಕೊಂಡವರಲ್ಲಿ ಹಾಲು ಹಾಕುವವರೂ ಮಗ್ಗದ ಕೆಲಸದವರೂ ಸಂತೋಷಪಟ್ಟರು. ಮೋಟಾರಿನ ಶಕ್ತಿ 250 ವಾಟ್‌ನೊಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಕಾನೂನು ಅದನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಸೀರೆಯ ಗಂಟು ಕಟ್ಟಿಕೊಂಡು ಬನಹಟ್ಟಿಯಿಂದ ರಬಕವಿಗೆ ದಿನಕ್ಕೆ ಮೂರು ಸಲ ಓಡಾಡುವ ಐವತ್ತರ ನೇಕಾರನ ಮಂಡಿಗೆ ಅದು ಒಳ್ಳೆಯದೇ. ಹದಿನಾಲ್ಕರ ಮಗನಿಗೆ ಅದನ್ನೇ ಕೊಡಿಸಿದವರು ಮಾತ್ರ, ಹುಡುಗ ದಪ್ಪಗಾಗುತ್ತಿದ್ದಾನೆ ಎಂದು ವರ್ಷದ ಕೊನೆಗೆ ಡಾಕ್ಟರ ಹತ್ತಿರ ಹೋದರು.

ಇಷ್ಟೆಲ್ಲ ಸಾಮಾನಿನ ನಡುವೆ ಈ ವರ್ಷ ಎಲ್ಲಕ್ಕಿಂತ ಹೆಚ್ಚು ಅಂಕ ಪಡೆದದ್ದು ಯಾವುದು? ಸೀಟಿನ ಹಿಂದೆ ಕಚ್ಚಿಸುವ ಒಂದು ಸಣ್ಣ ಕೆಂಪು ದೀಪ.

ನವೆಂಬರ್ ಹೊತ್ತಿಗೆ ಕಾರ್ಖಾನೆಗಳು ಕಬ್ಬು ಅರೆಯಲು ಶುರುಮಾಡುತ್ತವೆ. ಕೃಷ್ಣಾ, ಘಟಪ್ರಭಾ ನದಿಗಳ ನಡುವಿನ ಈ ಸೀಮೆಯ ರಸ್ತೆಗಳೆಲ್ಲ ಆಗ ಟ್ರ್ಯಾಕ್ಟರಿನವು. ಒಂದೊಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರು, ಅಂಚು ಮೀರಿ ಚಾಚಿದ ಕಬ್ಬು. ಅದೇ ತಿಂಗಳುಗಳಲ್ಲಿ ಹೊತ್ತು ಬೇಗ ಮುಳುಗುತ್ತದೆ. ಅದೇ ತಿಂಗಳುಗಳಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಶೇಷ ತರಗತಿಗಳೂ ಶುರುವಾಗುತ್ತವೆ. ತರಗತಿ ಮುಗಿಸಿ, ಕರಿ ಸ್ವೆಟರು ತೊಟ್ಟು, ದೀಪವಿಲ್ಲದ ಸೈಕಲ್ಲು ಹತ್ತಿ ಹಳ್ಳಿಯ ದಾರಿ ಹಿಡಿಯುವ ಮಕ್ಕಳು ನೂರಾರು.

ಇಲ್ಲೊಂದು ಲೆಕ್ಕವಿದೆ, ತಂದೆ ತಾಯಿ ಮಕ್ಕಳೊಡನೆ ಕೂತು ಮಾಡಬೇಕಾದ ಲೆಕ್ಕ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುವ ಮೋಟಾರ್ ಸೈಕಲ್ಲು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಎದುರಿನ ವಾಹನದ ಬೆಳಕು ಕಣ್ಣು ಕುಕ್ಕುತ್ತಿರುವಾಗ ಕರಿ ಬಟ್ಟೆಯ ಸೈಕಲ್ ಸವಾರ 30 ಮೀಟರ್ ದೂರದಲ್ಲಿ ಕಣ್ಣಿಗೆ ಬಿದ್ದನೆಂದುಕೊಳ್ಳಿ. ಉಳಿದದ್ದು ಎರಡು ಸೆಕೆಂಡು. ಕಂಡದ್ದು ಏನೆಂದು ತಿಳಿದು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಮುಗಿಯಿತು. ಇನ್ನುಳಿದ ಒಂದರಲ್ಲಿ ಒಳ್ಳೆಯ ಬ್ರೇಕಿದ್ದರೂ ನಿಲ್ಲುವುದು ಕಷ್ಟ, ಕಬ್ಬಿನ ಸೋಗೆ ಬಿದ್ದ ರಸ್ತೆಯಲ್ಲಂತೂ ಆಗದ ಮಾತು. ಅದೇ ಸವಾರನ ಹಿಂದೆ 200 ಮೀಟರಿನಿಂದ ಕಾಣುವ ಕೆಂಪು ದೀಪವಿದ್ದರೆ ಸಿಗುವುದು 14 ಸೆಕೆಂಡು. ಸೈಕಲ್ಲೂ ಮುಂದೆ ಹೋಗುತ್ತಿರುವುದರಿಂದ ನಿಜದಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಎರಡು ಸೆಕೆಂಡು ಎಲ್ಲಿ, ಹದಿನಾಲ್ಕು ಸೆಕೆಂಡು ಎಲ್ಲಿ!

ದೀಪದ ಜೊತೆಗೆ ಪ್ರತಿಫಲಕವೂ ಬೇಕು. ಮೂರು ಕನ್ನಡಿ ಒಂದು ಮೂಲೆಯಲ್ಲಿ ಕೂಡಿದಂತೆ ಸಣ್ಣ ಸಣ್ಣ ಮೂಲೆಗಳನ್ನು ಸಾಲಾಗಿ ಜೋಡಿಸಿ ಅದನ್ನು ಮಾಡಿರುತ್ತಾರೆ. ಬೆಳಕು ಯಾವ ಕಡೆಯಿಂದ ಬಿದ್ದರೂ ಬಂದ ದಾರಿಯಲ್ಲೇ ತಿರುಗಿ ಹೋಗುತ್ತದೆ, ಬೆಳಕು ಬಿಟ್ಟ ಚಾಲಕನ ಕಣ್ಣಿಗೇ ಮುಟ್ಟುತ್ತದೆ. ಸೈಕಲ್ಲಿನ ಪ್ರತಿಫಲಕಗಳಿಗೆ ಗುಣಮಟ್ಟ ಕಡ್ಡಾಯ ಮಾಡಿ ಕೇಂದ್ರ ಸರ್ಕಾರ 2020ರಲ್ಲಿ ಆದೇಶವನ್ನೇ ಹೊರಡಿಸಿತು. ಆದರೆ ಹೊಸ ಸೈಕಲ್ಲು ಮನೆಗೆ ಬಂದ ದಿನವೇ ಚಂದ ಕಾಣುವುದಿಲ್ಲವೆಂದು ಅದನ್ನು ಕಿತ್ತೆಸೆದ ಹುಡುಗರಿದ್ದಾರೆ. ಉಳಿಸಿಕೊಂಡವರು ಅದರ ಮೇಲೆ ಕೂತ ಕೆಸರನ್ನು ಒರೆಸುವುದಿಲ್ಲ. ಕೆಸರು ಕೂತ ಪ್ರತಿಫಲಕ ಬರೀ ಪ್ಲಾಸ್ಟಿಕ್ಕು. ಮುಂದೊಂದು ಬಿಳಿ ದೀಪವೂ ಅಷ್ಟೇ ಅಗತ್ಯ. ಕೆಟ್ಟು ನಿಂತ ಕಬ್ಬಿನ ಟ್ರೇಲರು ಕತ್ತಲಲ್ಲಿ ಯಾರಿಗೂ ಸದ್ದು ಮಾಡಿ ಹೇಳುವುದಿಲ್ಲ.

ಆ ಐವರು ಹುಡುಗಿಯರ ಪೈಕಿ ಒಬ್ಬಳ ತಾಯಿ ಡಿಸೆಂಬರಿನಲ್ಲಿ ತೀರ್ಮಾನ ಮಾಡಿಬಿಟ್ಟಿದ್ದಳು. “ಬ್ಯಾಡ ಯವ್ವಾ, ಸಂಜೀ ಕ್ಲಾಸ್ ಬಿಟ್ಟಬಿಡು. ನಿನ್ನ ಮಾರ್ಕ್ಸಿಗಿಂತಾ ನಿನ್ನ ಜೀವ ದೊಡ್ಡದು.” ತಾಯಿಯ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಗಣಿತ, ವಿಜ್ಞಾನದ ವಿಶೇಷ ತರಗತಿಗಳು ಇದ್ದದ್ದು ಸಂಜೆಯೇ. ಅವು ತಪ್ಪಿದರೆ ಮಾರ್ಚಿನ ಪರೀಕ್ಷೆ ಕಷ್ಟ. ಪರೀಕ್ಷೆ ಕೈಕೊಟ್ಟರೆ ಹಳ್ಳಿಯ ಹುಡುಗಿಯ ಓದು ಎಲ್ಲಿಗೆ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹುಡುಗಿ ಅಳಲಿಲ್ಲ, ಹಟ ಮಾಡಲಿಲ್ಲ. ವಹಿಯಲ್ಲಿ ಆ ಎರಡು ಸೆಕೆಂಡು, ಹದಿನಾಲ್ಕು ಸೆಕೆಂಡಿನ ಲೆಕ್ಕ ಬರೆದು ತಂದೆಯ ಮುಂದಿಟ್ಟಳು. ತಂದೆ ಪೇಟೆಗೆ ಹೋಗಿ ಮುಂದೊಂದು, ಹಿಂದೊಂದು ದೀಪ ತಂದ. ಎರಡೂ ಸೇರಿ ಒಂದು ಒಳ್ಳೆಯ ಚಪ್ಪಲಿ ಜೋಡಿಯಷ್ಟೂ ಆಗಲಿಲ್ಲ. ಕರಿ ಸ್ವೆಟರಿನ ಮೇಲೆ ತಾಯಿ ಬಿಳಿ ಬಟ್ಟೆಯ ಅಗಲ ಪಟ್ಟಿ ಹೊಲಿದಳು. ಐವರೂ ಕೂಡಿಯೇ ಬರಬೇಕು, ದೊಡ್ಡ ರಸ್ತೆ ಬಿಟ್ಟು ಕಾಲುವೆ ಪಕ್ಕದ ದಾರಿ ಹಿಡಿಯಬೇಕು, ಟ್ರ್ಯಾಕ್ಟರು ಹಿಂದಿಕ್ಕಲು ಬಂದರೆ ಇಳಿದು ನಿಲ್ಲಬೇಕು ಎಂಬ ಕರಾರಾಯಿತು. ಉಳಿದ ನಾಲ್ವರ ಮನೆಗಳಲ್ಲೂ ದೀಪ ಬಂತು. ತರಗತಿ ತಪ್ಪಲಿಲ್ಲ.

ಇಪ್ಪತ್ತೊಂದು ಗೇರಿನ ಸೈಕಲ್ಲು ಕೊಡಿಸಬೇಡಿ ಎಂದು ಇದರ ಅರ್ಥವಲ್ಲ. ಶಕ್ತಿಯಿದ್ದವರು ಕೊಡಿಸಲಿ, ಹುಡುಗನ ದಾರಿ ಅದನ್ನು ಕೇಳುವಂತಿದ್ದರೆ ಖಂಡಿತ ಕೊಡಿಸಲಿ. ಅಂಗಡಿಯವನು ಬಣ್ಣದಿಂದ ಮಾತು ಶುರುಮಾಡುತ್ತಾನೆ, ಅದು ಅವನ ಕಸುಬು. ಮುಂದಿನ ಜೂನಿನಲ್ಲಿ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ತಂದೆ ಮಗ ಇಬ್ಬರೂ ಮನೆಯಲ್ಲಿ ಕೂತು ಒಂದು ಚೀಟಿ ಬರೆಯಲಿ. ಯಾವ ದಾರಿ, ಎಷ್ಟು ದೂರ, ಏರು ಇದೆಯೇ, ಕೆಸರು ಇದೆಯೇ, ಬೆನ್ನ ಮೇಲೆ ಎಷ್ಟು ಭಾರ, ತಿರುಗಿ ಬರುವಾಗ ಬೆಳಕಿರುತ್ತದೆಯೇ. ಈ ಆರು ಪ್ರಶ್ನೆಗಳಿಗೆ ಉತ್ತರ ಬರೆದರೆ ಯಾವ ಸೈಕಲ್ಲು ಬೇಕೆಂದು ಚೀಟಿಯೇ ಹೇಳುತ್ತದೆ. ಕೊನೆಯ ಪ್ರಶ್ನೆಗೆ ಇಲ್ಲ ಎಂಬ ಉತ್ತರ ಬಂದರೆ, ಗೇರು ಎರಡು ಕಡಿಮೆಯಾದರೂ ಚಿಂತೆಯಿಲ್ಲ, ದೀಪ ಹಾಕಿಸಿಯೇ ಅಂಗಡಿಯಿಂದ ಇಳಿಯಿರಿ.